‘ಕಳೆದ 7 ದಿನ’ ಅಂದ್ರೆ ಯಾವ 7 ದಿನ ಸ್ವಾಮಿ?

ನಮ್ಮ ರೈತ ಕಂಪನಿಯವರು ಮಳೆಮಾಪಕ ಹಾಕಿಸಿ, ದಿನಾ ಬೆಳಿಗ್ಗೆ 6ಕ್ಕೆ ಎಲ್ಲರ ಮೊಬೈಲಿಗೂ ತಾನಾಗೇ ಮಳೆ ವರದಿ ಬರೋ ಹಾಗೆ ಮಾಡಿದ್ದಾರೆ. ಒಳ್ಳೇ ಕೆಲಸ. ಮಾಪಕದ ಮೇಲೆ ನನ್ನ ತಕರಾರಿಲ್ಲ. ತಕರಾರು ಇರೋದು ಆ ವರದಿ ಎಲ್ಲಿಂದ ಎಲ್ಲಿವರೆಗಿನ ಮಳೆ ಕೂಡುತ್ತೆ ಅನ್ನೋದರ ಬಗ್ಗೆ.

ವರದಿಯಲ್ಲಿ ‘ಇಂದಿನ ಮಳೆ’ ಅಂತ ಬರುತ್ತೆ. ಬೆಳಿಗ್ಗೆ 6ಕ್ಕೆ ‘ಇಂದು’ ಅಂದ್ರೆ ರಾತ್ರಿ 12ರಿಂದ 6, ಬರೀ ಆರು ಗಂಟೆ. ನಮ್ಮ ಕಡೆ ಗುಡುಗು ಮಳೆ ಹೊಡೆಯೋದು ಸಂಜೆ. ಸಂಜೆ ಬದು ಒಡೆದು ನೀರು ಹೋಗಿರುತ್ತೆ, ಬೆಳಿಗ್ಗೆ ಮೊಬೈಲಲ್ಲಿ 0 ಮಿ.ಮೀ. ಮಾರನೇ ದಿನದ ವರದಿಯಲ್ಲಾದರೂ ಬರುತ್ತಾ? ಇಲ್ಲ, ಅದು ಮತ್ತೆ ರಾತ್ರಿ 12ರಿಂದಲೇ ಶುರು. ಅಂದ್ರೆ ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ ಬಿದ್ದ ಮಳೆ ಯಾವ ದಿನದ ವರದಿಗೂ ಸೇರೋದೇ ಇಲ್ಲ!

ಇದನ್ನ ಕೇಳಿದ್ದಕ್ಕೆ ‘ಹಾಗಾದ್ರೆ ನಿನ್ನೆಯದು ಹಾಕ್ತೀವಿ, ರಾತ್ರಿ 12ರಿಂದ ರಾತ್ರಿ 12’ ಅಂದ್ರು. ಅದೂ ಬೇಡ ಅಂತ ನಾನು ಹೇಳೋದು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ. ಹಿಂದಿನ ದಿನ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದನ್ನ ಇವತ್ತಿನ ತಾರೀಕಿಗೆ ಬರೀತಾರೆ. ರಾತ್ರಿ 11ರಿಂದ 2ರವರೆಗೆ 70 ಮಿ.ಮೀ. ಹೊಡೀತು ಅಂತಿಟ್ಕೊಳ್ಳಿ. ಇಲಾಖೆ ಲೆಕ್ಕದಲ್ಲಿ ಅದು ಭಾರಿ ಮಳೆ, ಯಾಕಂದ್ರೆ ಗೆರೆ ಇರೋದು 64.5ಕ್ಕೆ. ನಮ್ಮ ಕಂಪನಿ 12 ಗಂಟೆಗೆ ಕತ್ತರಿಸಿದ್ರೆ ಒಂದು ದಿನ 38, ಇನ್ನೊಂದು ದಿನ 32, ಎರಡೂ ಸಾಧಾರಣ. ಒಂದೇ ಮಳೆ, ಒಂದೇ ಹೊಲ, ಭಾರಿ ಮಳೆ ಕಾಗದದ ಮೇಲೆ ಮಾಯ. ಚಿಕ್ಕ ಮಳೆಗೂ ಇದೇ ಗತಿ. 2.5 ಮಿ.ಮೀ. ಆದ್ರೆ ಮಾತ್ರ ‘ಮಳೆ ದಿನ’. 4 ಮಿ.ಮೀ. ಬಿದ್ದು ಎರಡೆರಡು ಹಂಚಿಹೋದ್ರೆ ಮಳೆ ದಿನವೇ ಇಲ್ಲ.

ಬೆಳೆವಿಮೆಯಲ್ಲಿ ಹೊಲಕ್ಕೆ ನೀರು ನುಗ್ಗಿದ ದೂರು 72 ಗಂಟೆಯೊಳಗೆ ಕೊಡಬೇಕು. ಆಗ ನಮ್ಮ ವರದಿ ಒಂದು ತಾರೀಕು, ಸರ್ಕಾರದ ವರದಿ ಇನ್ನೊಂದು ತಾರೀಕು ಹೇಳಿದ್ರೆ ಅಲೆಯೋರು ನಾವೇ ತಾನೆ?

ಇನ್ನು ವಾರದ ಕಥೆ. ಮಂಗಳವಾರ ಒಂದು, ಶುಕ್ರವಾರ ಒಂದು ವರದಿ, ಎರಡರಲ್ಲೂ ‘ಕಳೆದ 7 ದಿನ’. ಶುಕ್ರವಾರದ್ದರಲ್ಲಿ ನಾಲ್ಕು ದಿನ ಮಂಗಳವಾರದ್ದರಲ್ಲಿ ಆಗಲೇ ಬಂದಿರುತ್ತೆ. ನಮ್ಮೂರಲ್ಲಿ ಒಬ್ಬರು ಎರಡನ್ನೂ ಕೂಡಿ ‘ತಿಂಗಳಿಗೆ ಸಾಕಷ್ಟು ಆಗಿದೆ ಬಿಡು’ ಅಂತ ಕಟ್ಟೆ ಮೇಲೆ ಹೇಳ್ತಾ ಇದ್ರು. ಅವರ ತಪ್ಪಲ್ಲ. ವಾರ ಅಂದ್ಮೇಲೆ ಕೂಡೋಕೆ ಬರಬೇಕು.

‘ಕಳೆದ 7 ದಿನ ಅಂದ್ರೆ ಯಾವಾಗಲೂ ತಾಜಾ’ ಅನ್ನೋದು ಅವರ ವಾದ. ಒಪ್ತೀನಿ, ನಾಳೆ ಈರುಳ್ಳಿಗೆ ನೀರು ಬಿಡಬೇಕಾ, ಎಡೆಕುಂಟೆ ಹೊಡೀಬಹುದಾ ಅಂತ ನೋಡೋಕೆ ಅದೇ ಸರಿ. ಆದ್ರೆ ಬರದ ಲೆಕ್ಕಕ್ಕೆ ಅದು ಕೆಲಸಕ್ಕೆ ಬಾರದು. ಬರ ಅಂತ ನೋಡೋವಾಗ ವಾಡಿಕೆಯ ಅರ್ಧಕ್ಕಿಂತ ಕಮ್ಮಿ ಮಳೆಯಾದ ವಾರಗಳು ಸಾಲಾಗಿ ಎಷ್ಟು ಅಂತ ಎಣಿಸ್ತಾರೆ. ಹವಾಮಾನ ಇಲಾಖೆಯ ವಾರ ಗುರುವಾರದಿಂದ ಬುಧವಾರ. ದಿನಾ ಜಾರೋ ವಾರವನ್ನ ಹಿಡ್ಕೊಂಡು ತಹಶೀಲ್ದಾರ್ ಕಚೇರಿಗೆ ಹೋದ್ರೆ ಯಾರು ಕೇಳ್ತಾರೆ?

ಇದೇನು ಹೊಸ ವಿದ್ಯೆಯಲ್ಲ. ನಮ್ಮ ಹಿರೀಕರು ಪುನರ್ವಸು, ಪುಷ್ಯ, ಆಶ್ಲೇಷ ಅಂತ ಹದಿಮೂರು ಹದಿನಾಲ್ಕು ದಿನದ ಕಂತು ಮಾಡಿ ಮಳೆ ಲೆಕ್ಕ ಇಟ್ಟವರು. ಯಾವ ಮಳೆ ಎಂದು ಹುಟ್ಟುತ್ತೆ, ಎಂದು ಮುಗಿಯುತ್ತೆ ಅಂತ ಪಂಚಾಂಗದಲ್ಲಿ ಇತ್ತು. ‘ಕಳೆದ 13 ದಿನ’ ಅಂತ ಯಾರೂ ಹೇಳಲಿಲ್ಲ. ಅದಕ್ಕೇ ‘ಹೋದ ವರ್ಷದ ಪುಷ್ಯ ಚೆನ್ನಾಗಿತ್ತು, ಈ ವರ್ಷದ್ದು ಕೈಕೊಡ್ತು’ ಅಂತ ವರ್ಷಕ್ಕೆ ವರ್ಷ ಹೋಲಿಸೋಕೆ ಆಗ್ತಿತ್ತು.

ಜನವರಿಯಿಂದ ಒಟ್ಟು ಮಳೆ ಅನ್ನೋ ಸಾಲೂ ಒಂದಿದೆ. ಮೇ ತಿಂಗಳ ಮಳೆ ಜುಲೈನಲ್ಲಿ ಬಾಡ್ತಿರೋ ಶೇಂಗಾಕ್ಕೆ ಏನು ಮಾಡುತ್ತೆ? ಅದು ಇರಲಿ ಬೇಕಾದ್ರೆ, ಆದ್ರೆ ಜೂನ್ 1ರಿಂದ ಆದದ್ದು ಬೇರೆ ಸಾಲಲ್ಲಿ ಬರಲಿ.

ಮುಂದಿನ ಸಭೆಯಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ದಿನದ ವರದಿ 8.30ರಿಂದ 8.30. ವಾರದ್ದು ಗುರುವಾರದಿಂದ ಬುಧವಾರ. ಜಾರೋ ಏಳು ದಿನ ಬೇಕಾದ್ರೆ ಬೇರೆ ಹೆಸರಲ್ಲಿ ಕಳಿಸಲಿ. ಪ್ರತಿ ಅಂಕಿಯ ಪಕ್ಕ ಯಾವ ತಾರೀಕು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಇರಲೇಬೇಕು. ಇನ್ನೊಂದು, ವರದಿ 8.30ಕ್ಕೇ ಕಳಿಸೋ ಅವಸರ ಬೇಡ. ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತಾಗ ಮಾಪಕದ ಅಂಕಿ ತಡವಾಗಿ ಬರುತ್ತೆ, ಆಗ ಬರದಿದ್ದದ್ದೂ 0, ಬೀಳದಿದ್ದದ್ದೂ 0. 9.30ಕ್ಕೆ ಕಳಿಸಲಿ, ಅಂಕಿ ಬಂದಿಲ್ಲ ಅಂದ್ರೆ ‘ಬಂದಿಲ್ಲ’ ಅಂತಲೇ ಬರೀಲಿ.

‘ಕಂಪ್ಯೂಟರಲ್ಲಿ ಹಾಗೆ ಬರಲ್ಲ’ ಅಂತ ಹೇಳ್ತಾರೆ ನೋಡ್ತಿರಿ. 12ಕ್ಕೆ ಕತ್ತರಿಸೋಕೆ ಬರುತ್ತೆ ಅಂದ್ರೆ 8.30ಕ್ಕೂ ಬರುತ್ತೆ. ಸಭೆಗೆ ಬರೋರು ಮೊಬೈಲಲ್ಲಿರೋ ಹಳೇ ವರದಿ ಅಳಿಸದೆ ತನ್ನಿ.