ತೆರೆದ ಬಾಗಿಲು: ಶಾಲಾದರ್ಶನ ದಿನದ ವಿಷಯವಾಗಿ ಕೆಲವು ಮಾತುಗಳು

ಸ್ಮರಣಸಂಚಿಕೆಯಲ್ಲಿ ಕಳೆದುಹೋದ ದಿನಗಳನ್ನು ನೆನೆದು ಬರೆಯುವವರು ಅನೇಕರಿದ್ದಾರೆ. ಈ ಶಾಲೆಯಲ್ಲಿಯೇ ಕಲಿತು, ಈಗ ನಮ್ಮ ಹೆಣ್ಣುಮಕ್ಕಳನ್ನು ಇದೇ ಬೆಂಚುಗಳಿಗೆ ಕಳುಹಿಸುತ್ತಿರುವ ನಾವಾದರೋ, ಬರಲಿರುವ ಒಂದು ದಿನದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಲು ಅಪೇಕ್ಷಿಸುತ್ತೇವೆ. ಅದು ಯಾವುದೆಂದರೆ, ಹೆತ್ತವರಿಗಾಗಿ ಶಾಲೆಯ ಬಾಗಿಲನ್ನು ತೆರೆದಿಡುವ ದಿನ. ಈಗ ಎಲ್ಲರೂ ಅದನ್ನು ‘ಓಪನ್ ಹೌಸ್’ ಎಂದು ಕರೆಯುತ್ತಾರೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಿಂದ ನಡೆದ ಕಾರ್ಯಕ್ರಮದ ಉದ್ದೇಶವೂ ಬೇರೆಯಲ್ಲ. ಮಕ್ಕಳ ಕಲಿಕೆಯನ್ನು ಹೆತ್ತವರ ಕಣ್ಣಮುಂದೆ ಇಡುವುದೇ. ಹೆಸರು ಯಾವುದಾದರೂ ಇರಲಿ, ಅದರ ಯಶಸ್ಸನ್ನು ಅಳೆಯಲು ನಾವು ಒಂದೇ ಪ್ರಶ್ನೆಯನ್ನು ಇಡುತ್ತೇವೆ: ಆ ಸಂಜೆ ಮನೆಗೆ ಹಿಂದಿರುಗುವ ತಾಯಿಯು, ಬೆಳಿಗ್ಗೆ ತನಗೆ ತಿಳಿಯದೆ ಇದ್ದ ಯಾವ ಸಂಗತಿಯನ್ನು ತಿಳಿದುಕೊಂಡು ಹೋದಳು?

ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಇನ್‌ಸ್ಪೆಕ್ಟರರ ಪರೀಕ್ಷೆಯಲ್ಲಿ ಮಕ್ಕಳು ಪಡೆದ ಫಲಕ್ಕೆ ತಕ್ಕಂತೆ ಶಾಲೆಗಳಿಗೆ ಗ್ರಾಂಟು ಕೊಡುವ ಪದ್ಧತಿಯೊಂದು ಇತ್ತು. ಇದರ ಪರಿಣಾಮವೇನಾಗುವುದೆಂದು ಊಹಿಸುವುದು ಕಷ್ಟವಲ್ಲ. ವರ್ಷದಲ್ಲಿ ಒಂದು ದಿನಕ್ಕಾಗಿ ಉಳಿದ ದಿನಗಳೆಲ್ಲ ಸವೆಯುವವು; ಚುರುಕಾದ ಮಕ್ಕಳು ಮುಂದಿನ ಬೆಂಚಿಗೆ, ಮಂದವಾದವರು ಹಿಂದಿನ ಬೆಂಚಿಗೆ. ಆ ಪದ್ಧತಿಯು ಹೋಗಿ ಬಹುಕಾಲವಾಯಿತು. ಆದರೆ ಅದರ ಬುದ್ಧಿಯು ಹೋಗಿದೆಯೆಂದು ಹೇಳಲು ನಮಗೆ ಧೈರ್ಯವಿಲ್ಲ. ಇನ್‌ಸ್ಪೆಕ್ಟರರ ಸ್ಥಾನದಲ್ಲಿ ಈಗ ಹೆತ್ತವರು ಕುಳಿತಿದ್ದಾರೆ. ಎರಡು ವಾರ ಪಾಠವನ್ನು ನಿಲ್ಲಿಸಿ ಥರ್ಮೊಕೋಲಿನ ಮಾದರಿಗಳನ್ನು ಮಾಡಿಸುವುದು, ಚೆನ್ನಾಗಿ ಮಾತನಾಡುವ ಆರು ಹುಡುಗಿಯರನ್ನು ಆರಿಸಿ ಬಾಗಿಲಲ್ಲಿ ನಿಲ್ಲಿಸುವುದು, ಉಳಿದವರನ್ನು ಕುರ್ಚಿ ಹೊರಲು ನೇಮಿಸುವುದು, ಇವೆಲ್ಲ ಅನೇಕ ಕಡೆಗಳಲ್ಲಿ ಕಂಡುಬರುವ ಸಂಗತಿಗಳು. ಕುರ್ಚಿ ಹೊತ್ತ ಹುಡುಗಿಯ ತಾಯಿಯೂ ಅದೇ ಬಸ್ಸಿನ ಚಾರ್ಜು ಕೊಟ್ಟು ಬಂದಿದ್ದಾಳೆಂಬುದನ್ನು ನಾವು ಮರೆಯಕೂಡದು.

ನಮ್ಮಲ್ಲೊಬ್ಬರು ಬೇರೊಂದು ಶಾಲೆಯಲ್ಲಿ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಬ್ಬ ತಾಯಿಯು ಮಗಳ ಸಂಗಡ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಉಪಾಧ್ಯಾಯಿನಿಯವರು ಇಂಗ್ಲಿಷಿನಲ್ಲಿ, ಈ ಹುಡುಗಿಯು ಗಣಿತದಲ್ಲಿ ಬಹಳ ಹಿಂದೆ ಬಿದ್ದಿದ್ದಾಳೆ, ಈಗಲೇ ಗಮನ ಕೊಡದಿದ್ದರೆ ಹತ್ತನೆಯ ತರಗತಿಯಲ್ಲಿ ತೊಂದರೆಯಾಗುವುದು ಎಂದರು. ತಾಯಿಯು ಮಗಳ ಮುಖವನ್ನು ನೋಡಿದಳು. ಮಗಳು ತುಳುವಿನಲ್ಲಿ, ಎಲ್ಲ ಒಳ್ಳೆಯದಿದೆಯಂತೆ ಎಂದಳು. ತಾಯಿಯು ಸಂತೋಷದಿಂದ ಕೈಮುಗಿದು, ರುಜು ಹಾಕಿ ಹೋದಳು. ಪುಸ್ತಕದಲ್ಲಿ ರುಜು ಇತ್ತು. ಹಾಜರಿಯ ಲೆಕ್ಕದಲ್ಲಿ ಆ ಮನೆಯವರು ಬಂದಿದ್ದರು. ಕಾರ್ಯಕ್ರಮವು ಯಶಸ್ವಿಯಾಯಿತೆಂದು ವರದಿಯೂ ಬರೆಯಲ್ಪಟ್ಟಿರಬೇಕು. ಮುಂದಿನ ವರ್ಷ ಆ ಹುಡುಗಿಯು ಗಣಿತದಲ್ಲಿ ತೇರ್ಗಡೆಯಾಗಲಿಲ್ಲ. ಇದರಲ್ಲಿ ಹುಡುಗಿಯ ಸುಳ್ಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಭಯಪಟ್ಟ ಮಗುವನ್ನೇ ದುಭಾಷಿಯಾಗಿ ಮಾಡಿದ ನಮ್ಮ ವ್ಯವಸ್ಥೆಯೇ ಅಲ್ಲಿ ಹೆಚ್ಚಿನ ಅಪರಾಧಿ.

ಆದುದರಿಂದ ನಮ್ಮ ಮೊದಲನೆಯ ಸೂಚನೆ ಭಾಷೆಯದು. ನಂತೂರು, ಕದ್ರಿ, ಬಿಕರ್ನಕಟ್ಟೆ, ಕುಲಶೇಖರ ಈ ಕಡೆಯ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಇವೆಲ್ಲ ಕೇಳಿಬರುತ್ತವೆ. ನಮ್ಮ ಉಪಾಧ್ಯಾಯಿನಿಯರಲ್ಲಿಯೂ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಈ ಭಾಷೆಗಳನ್ನು ಬಲ್ಲವರು ಇದ್ದೇ ಇರುತ್ತಾರೆ. ಪ್ರತಿಯೊಂದು ತರಗತಿಯ ಬಾಗಿಲಲ್ಲಿ ಅಂಥ ಒಬ್ಬ ಹಿರಿಯಳು ಇರತಕ್ಕದ್ದು. ಪೂರ್ವವಿದ್ಯಾರ್ಥಿನಿಯರು ತಮ್ಮ ಶಾಲೆಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದಕ್ಕಿಂತ ಹೆಚ್ಚಿನದು ನಮಗೆ ತೋರುವುದಿಲ್ಲ. ಇದಕ್ಕೆ ಹಣ ಬೇಕಾಗಿಲ್ಲ, ಒಂದು ಮಧ್ಯಾಹ್ನ ಸಾಕು.

ಓದುಬರಹ ತಿಳಿಯದ ಹೆತ್ತವರಿಗೆ ಶಾಲೆಯ ವಿಷಯದಲ್ಲಿ ಹೇಳುವುದೇನಿದೆ ಎಂದು ಯಾರಾದರೂ ಕೇಳಿದರೆ, ನಾವು ಹರೇಕಳ ಹಾಜಬ್ಬರನ್ನು ತೋರಿಸುತ್ತೇವೆ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಅವರಿಗೆ, ಪರದೇಶದವರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಕ್ರಯವನ್ನು ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ತನಗಾದ ಆ ಸಂಕಟವು ತನ್ನ ಊರಿನ ಮಕ್ಕಳಿಗೆ ಬರಬಾರದೆಂದು, ಹಣ್ಣು ಮಾರಿ ಉಳಿಸಿದ ಹಣದಿಂದ ಅವರು ತಮ್ಮ ಊರಿಗೆ ಶಾಲೆಯನ್ನು ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಅಕ್ಷರವಿಲ್ಲದವನಿಗೇ ಅಕ್ಷರದ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಅಂಥವರನ್ನು ಬೆಂಚಿನ ತುದಿಯಲ್ಲಿ ಕೂರಿಸುವ ಶಾಲೆಗೆ ತನ್ನ ಬೆಲೆಯೇ ತಿಳಿದಿಲ್ಲ.

ಎರಡನೆಯದು ಕಾಲದ ವಿಷಯ. ಜೂನ್, ಜುಲೈ ತಿಂಗಳುಗಳ ಮಳೆಯಲ್ಲಿ ಈ ದಿನವನ್ನು ಇಡಬಾರದು. ವಾರದ ಕೆಲಸದ ದಿನವೂ ಬೇಡ. ನಮ್ಮ ಜಿಲ್ಲೆಯ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಅವರಿಗೆ ಸಂಬಳವಿಲ್ಲ, ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದ ಕೂಲಿ. ಶಾಲೆಯಲ್ಲಿ ಕಾದು ಕುಳಿತ ಅರ್ಧ ದಿನವೆಂದರೆ ಅವರಿಗೆ ಅರ್ಧ ದಿನದ ಅನ್ನ. ಆದುದರಿಂದ ‘ಹತ್ತು ಗಂಟೆಗೆ ಎಲ್ಲರೂ ಬರತಕ್ಕದ್ದು’ ಎಂದು ಬರೆಯದೆ, ಪ್ರತಿಯೊಂದು ಮನೆಗೆ ಒಂದು ಗಳಿಗೆಯನ್ನು ಗೊತ್ತುಮಾಡಿ ತಿಳಿಸಬೇಕು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಹಾಕಿ ನೋಡೋಣ. ಒಂದು ತರಗತಿಯಲ್ಲಿ 40 ಹುಡುಗಿಯರಿದ್ದು, ಒಬ್ಬೊಬ್ಬಳ ಮನೆಯವರ ಸಂಗಡ 8 ನಿಮಿಷ ಮಾತನಾಡಬೇಕೆಂದಿದ್ದರೆ 320 ನಿಮಿಷ, ಅಂದರೆ 5 ಗಂಟೆ 20 ನಿಮಿಷ ಬೇಕು. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಒಬ್ಬೊಬ್ಬರಿಗೆ ಸಿಕ್ಕುವುದು 3 ನಿಮಿಷ. ಅದರಲ್ಲಿಯೂ ಅಧ್ಯಕ್ಷರ ಭಾಷಣಕ್ಕೆ ಮುಕ್ಕಾಲು ಗಂಟೆ ಹೋದರೆ ಉಳಿಯುವುದು 2 ನಿಮಿಷವೂ ಇಲ್ಲ. ಭಾಷಣವನ್ನು ಬಿಟ್ಟು, ತರಗತಿಯನ್ನು ಎರಡು ಭಾಗ ಮಾಡಿ, ಎರಡು ಶನಿವಾರಗಳ ಮಧ್ಯಾಹ್ನ 1-30ರಿಂದ 4-10ರ ವರೆಗೆ ನಡೆಸಿದರೆ ಎಲ್ಲರಿಗೂ ಪೂರ್ತಿ 8 ನಿಮಿಷ ದೊರೆಯುತ್ತದೆ. ಜನರು ಒಮ್ಮೆಗೇ ನುಗ್ಗದಿರುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ನಂತೂರು ಎಂದರೆ ರಾಷ್ಟ್ರೀಯ ಹೆದ್ದಾರಿ 66 ಮತ್ತು 169 ಕೂಡುವ ಸ್ಥಳ; ಲಾರಿಗಳ ನಡುವೆ ರಸ್ತೆ ದಾಟುವ ಕಷ್ಟವು ನಮಗೆಲ್ಲ ತಿಳಿದದ್ದೇ. ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಬರುವವರಿಗೆ ರಸ್ತೆ ದಾಟಿಸಲು ಹಿರಿಯರಲ್ಲಿ ಇಬ್ಬರು ಮೂವರು ನಿಂತಿರುವುದು ಅವಶ್ಯ.

ಮೂರನೆಯದಾಗಿ, ಏನನ್ನು ತೋರಿಸಬೇಕು? ನಿತ್ಯದ ಕೆಲಸವನ್ನೇ. ಕೆಂಪು ಶಾಯಿಯ ಗುರುತುಗಳಿರುವ ನೋಟುಪುಸ್ತಕವನ್ನು ತೋರಿಸಿರಿ. ತಪ್ಪಿದ ಲೆಕ್ಕವನ್ನೂ ಅದೇ ಹುಡುಗಿಯು ತಿದ್ದಿದ ಲೆಕ್ಕವನ್ನೂ ಪಕ್ಕದಲ್ಲಿಯೇ ಇಡಿರಿ. ಗ್ರಂಥಾಲಯ, ಪ್ರಯೋಗಶಾಲೆ, ಕುಡಿಯುವ ನೀರಿನ ಸ್ಥಳ, ಶೌಚಗೃಹ ಇವೆಲ್ಲವನ್ನೂ ನೋಡಲು ಬಿಡಿರಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿಯು ಮೊದಲು ತಿಳಿಯಬಯಸುವುದು ಕೊನೆಯ ಸಂಗತಿಯನ್ನೇ. ಪ್ರತಿಯೊಬ್ಬ ಹುಡುಗಿಯೂ ತನ್ನ ಮನೆಯವರಿಗೆ ತಾನೇ ಶಾಲೆಯನ್ನು ತೋರಿಸಲಿ. ಆಗ ಆರು ಮಂದಿಯನ್ನು ಆರಿಸುವ ಪ್ರಸಂಗವೇ ಬಾರದು. ಅಂಕಗಳನ್ನು ಮಾತ್ರ ಎಲ್ಲರೆದುರಿಗೆ ಓದಕೂಡದು, ಗೋಡೆಗೆ ಅಂಟಿಸಕೂಡದು, ತರಗತಿಯ ವಾಟ್ಸಾಪ್ ಗುಂಪಿನಲ್ಲಿಯೂ ಹಾಕಕೂಡದು. ಒಂದು ಮನೆಯ ಮಾತು ಆ ಮನೆಗೆ ಮಾತ್ರ ಸೇರಿದ್ದು.

ಉಪಾಧ್ಯಾಯಿನಿಯರ ಮೇಲೆ ಇದೆಲ್ಲ ಹೊರೆಯಾಗದೇ ಎಂದು ಕೇಳುವವರಿದ್ದಾರೆ. ಹೊರೆಯೇ ಸರಿ. ಆದುದರಿಂದಲೇ ಅಲಂಕಾರದ ಹೊರೆಯನ್ನು ಮೊದಲು ಇಳಿಸಿರೆಂದು ನಾವು ಬೇಡುತ್ತೇವೆ. ಹೆತ್ತವರ ಪಾಲೂ ಇದರಲ್ಲಿ ಕಡಮೆಯಲ್ಲ. ‘ನನ್ನ ಮಗಳಿಗೆ ಎರಡು ಅಂಕ ಯಾಕೆ ಕಡಮೆ’ ಎಂದು ವಾದಿಸುವುದಕ್ಕೆ ಆ 8 ನಿಮಿಷಗಳನ್ನು ಕಳೆಯಬೇಡಿರಿ. ಅವಳು ಶಾಲೆಯಲ್ಲಿ ನಗುತ್ತಾಳೋ, ಗೆಳತಿಯರಿದ್ದಾರೋ, ಯಾವುದಕ್ಕೆ ಹೆದರುತ್ತಾಳೆ ಎಂದು ಕೇಳಿರಿ; ಮನೆಯಲ್ಲಿ ಅವಳು ಏನು ಹೇಳುತ್ತಾಳೆಂಬುದನ್ನು ನೀವೂ ತಿಳಿಸಿರಿ.

1897ರಲ್ಲಿ ಅಮೇರಿಕದ ವಾಷಿಂಗ್ಟನ್ ನಗರದಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಇಬ್ಬರು ಸ್ತ್ರೀಯರು ತಾಯಂದಿರ ಮಹಾಸಭೆಯೊಂದನ್ನು ಕೂಡಿಸಿದರು. ಅದೇ ಮುಂದೆ ಆ ದೇಶದ ಹೆತ್ತವರ ಹಾಗೂ ಉಪಾಧ್ಯಾಯರ ಸಂಘವಾಗಿ ಬೆಳೆಯಿತು. ಅದೇ 1897ರಲ್ಲಿ ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಶಾಲೆಯ ಬಾಗಿಲೇ ಮುಚ್ಚಿದ್ದ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು. 2009ರ ಶಿಕ್ಷಣ ಹಕ್ಕು ಕಾನೂನು, ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಾದರೂ ಹೆತ್ತವರು ಇರಬೇಕೆಂದೂ, ಸದಸ್ಯರಲ್ಲಿ ಅರ್ಧ ಮಂದಿ ಸ್ತ್ರೀಯರಾಗಿರಬೇಕೆಂದೂ ವಿಧಿಸಿತು. ಬಾಗಿಲು ಹೀಗೆ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತಾ ಬಂದಿದೆ. ಒಳಗೆ ಬಂದವರನ್ನು ಮಾತನಾಡಿಸುವ ಕೆಲಸವು ಮಾತ್ರ ಯಾವ ಕಾನೂನಿನಿಂದಲೂ ಆಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಆ ದಿನ ಬಾರದೆ ಇದ್ದವರ ಪಟ್ಟಿಯನ್ನು ಸಂಜೆಯೇ ಬರೆಯಬೇಕು, ಮತ್ತು ಒಂದು ತಿಂಗಳೊಳಗೆ ಶಾಲೆಯವರಲ್ಲಿ ಒಬ್ಬರಾದರೂ ಆ ಮನೆಗಳಿಗೆ ಹೋಗಿ ಬರಬೇಕು. ನಮ್ಮ ಅನುಭವದಲ್ಲಿ, ಹೆಚ್ಚಾಗಿ ಬಾರದವರ ಮಗಳಿಗೇ ನಮ್ಮ ಅಗತ್ಯವು ಹೆಚ್ಚು. ಈ ಕೆಲಸಕ್ಕೆ ಸಂಗಡ ಬರುವ ಪೂರ್ವವಿದ್ಯಾರ್ಥಿನಿಯರು ತಮ್ಮ ಹೆಸರುಗಳನ್ನು ಶಾಲೆಯ ಕಚೇರಿಯಲ್ಲಿ ಕೊಡಬೇಕೆಂದು ನಾವು ವಿನಯದಿಂದ ಬೇಡಿಕೊಳ್ಳುತ್ತೇವೆ. ನಮ್ಮ ಹೆಸರುಗಳನ್ನು ನಾವು ಆಗಲೇ ಕೊಟ್ಟಿದ್ದೇವೆ.