ಚರ್ಮಣ್ವತಿಯ ಕೆಂಪುಮುಡಿಯ ಆಮೆ

ಆಮೆಯೆಂದೊಡನೆ ನಮಗೆ ತೋರುವುದು ಹಾಳುಬಾವಿಯಲ್ಲಿ ಕಲ್ಲಿನಂತೆ ಬಿದ್ದಿರುವ ಮಸಕು ಜಂತುವು. ಕಚ್ಛಪ, ಕಮಠ, ಕೂರ್ಮ ಎಂದು ಪರ್ಯಾಯಪದಗಳನ್ನು ಬಹುಕಾಲ ಬಾಲಕರಿಗೆ ಬಾಯಿಪಾಠ ಮಾಡಿಸಿದ ನಾನೂ, ಅವುಗಳಲ್ಲೊಂದು ಮದುವಣಿಗನಂತೆ ಸಿಂಗರಿಸಿಕೊಳ್ಳುವುದೆಂಬುದನ್ನು ಅರಿತಿರಲಿಲ್ಲ.

ಉತ್ತರ ಹಿಂದೂಸ್ಥಾನದ ಮಹಾನದಿಗಳ ನಿವಾಸಿಯಾದ ಈ ಜಾತಿಯನ್ನು ೧೮೩೧ರಲ್ಲಿ ಜಾನ್ ಎಡ್ವರ್ಡ್ ಗ್ರೇ ಎಂಬ ಆಂಗ್ಲ ಪಂಡಿತನು ವರ್ಣಿಸಿದನು. ಇದಕ್ಕೆ ಬಟಾಗುರ್ ಕಚುಗ ಎಂದು ಶಾಸ್ತ್ರೀಯ ನಾಮ. ಕಚುಗದೊಳಗೆ ಹಿಂದಿಯ 'ಕಛುಆ' ಅಡಗಿದೆ. ಅದರ ಮೂಲವು ನಮ್ಮ ಕಚ್ಛಪವೇ ಅಲ್ಲವೇ! ಸಂತಾನಕಾಲವು ಬಂದಿತೆಂದರೆ ಗಂಡಾಮೆಯ ನೆತ್ತಿಯು ಕುಂಕುಮದಂತೆ ಕೆಂಪೇರುವುದು. ಕೊರಳ ಮೇಲೆ ಕೆಂಪು, ಹಳದಿ, ಬಿಳಿ ಪಟ್ಟೆಗಳು ಮೂಡುವುವು. ಹೆಣ್ಣಿಗೆ ಈ ಸೊಬಗಿಲ್ಲ. ಆದರೆ ಗಾತ್ರದಲ್ಲಿ ಅವಳೇ ದೊಡ್ಡವಳು: ಚಿಪ್ಪಿನ ಉದ್ದವು ಸುಮಾರು ೫೬ ಸೆಂಟಿಮೀಟರಿನವರೆಗೆ ಬೆಳೆಯುವುದು, ಗಂಡು ಅದರ ಅರ್ಧದಷ್ಟು.

ಇವುಗಳಿಗೆ ಹರಿಯುವ ಆಳವಾದ ನೀರೂ, ಪಕ್ಕದಲ್ಲಿ ಎತ್ತರವಾದ ಮರಳುದಿಣ್ಣೆಯೂ ಬೇಕು. ಮಾರ್ಚಿ ಏಪ್ರಿಲುಗಳಲ್ಲಿ ಹೆಣ್ಣು ಮರಳನ್ನು ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೊರಟುಹೋಗುವುದು. ಕಾವು ಕೊಡುವವನು ಸೂರ್ಯನೇ. ಮೇಲಣ ಕಟ್ಟೆಯಿಂದ ಅಕಾಲದಲ್ಲಿ ನೀರು ಬಿಟ್ಟರೆ ಗೂಡು ಕೊಳೆಯುವುದು. ನೀರು ತಗ್ಗಿ ದಿಣ್ಣೆಯು ದಡಕ್ಕೆ ಸೇರಿದರೆ ನರಿಗಳಿಗೆ ದಾರಿಯಾಗುವುದು. ಮರಳನ್ನೇ ಗಾಡಿಗಳಲ್ಲಿ ಹೇರಿಕೊಂಡು ಹೋದರಂತೂ ಹೇಳುವುದೇನಿದೆ? ಆಮೆಯು ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದುದರಿಂದ, ಮೀನಿನ ಬಲೆಯಲ್ಲಿ ಸಿಕ್ಕರೆ ನೀರಿನಲ್ಲಿಯೇ ಮುಳುಗಿ ಸಾಯುವುದೆಂಬುದನ್ನು ಬಹು ಮಂದಿ ಯೋಚಿಸುವುದಿಲ್ಲ.

ಇಲ್ಲೊಂದು ವಿಪರ್ಯಾಸವುಂಟು. ಪುರಾಣದ ರಂತಿದೇವನ ಯಾಗಪಶುಗಳ ಚರ್ಮದಿಂದ ಹುಟ್ಟಿತೆಂಬ ಕಥೆಯ ಚರ್ಮಣ್ವತಿಯೇ ಇಂದಿನ ಚಂಬಲ್ ನದಿ. ಅಪವಿತ್ರವೆಂದು ಜನರು ದೂರವಿಟ್ಟ ಆ ನದಿಯಲ್ಲಿ ಈ ಆಮೆಯು ಉಳಿದಿದೆ. ನಾವು ತಾಯಿಯೆಂದು ಆರತಿಯೆತ್ತುವ ಗಂಗೆಯಲ್ಲಿ ಬಹುಮಟ್ಟಿಗೆ ಅಳಿದುಹೋಯಿತು! ಯಮುನೆಗೆ ಆಮೆಯೇ ವಾಹನವೆಂದು ಶಿಲ್ಪಿಗಳು ಕಡೆದಿರುವರು. ದೇವಿಯು ಈಗ ಕಾಲ್ನಡಿಗೆಯಲ್ಲಿ ಹೋಗಬೇಕಾದೀತೋ ಏನೋ.

ಚಂಬಲಿನ ದಡವನ್ನು ಸರಕಾರವು ಮೊಸಳೆ, ಆಮೆ ಮುಂತಾದುವುಗಳಿಗಾಗಿ ಅಭಯಾರಣ್ಯವನ್ನಾಗಿ ಮಾಡಿರುವುದು. ಅಲ್ಲಿ ಸಾಕಿ ಬೆಳೆಸಿದ ೨೦ ಆಮೆಗಳನ್ನು ೨೦೨೫ರ ಏಪ್ರಿಲಿನಲ್ಲಿ ಗಂಗೆಗೆ ಬಿಟ್ಟರು. ಅವು ಎತ್ತ ಹೋಗುವುವೆಂದು ತಿಳಿಯಲು ಸಂಕೇತ ಕಳುಹಿಸುವ ಸಣ್ಣ ಯಂತ್ರಗಳನ್ನು ಅವುಗಳಿಗೆ ತೊಡಿಸಿರುವರು.