ಹಳೆ ಲೇತ್‌ಗೆ ಮೋಟಾರ್ ಕಟ್ಟಿದರೆ ಸಿಎನ್‌ಸಿ ಆಗುತ್ತದೆಯೇ?

ಹಳೆಯ ಲೇತ್‌ಗೆ ಎರಡು ಮೋಟಾರ್, ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಜೋಡಿಸಿದರೆ ಸಾಕು, ಲಕ್ಷಾಂತರ ರೂಪಾಯಿಯ ಸಿಎನ್‌ಸಿ ಯಂತ್ರ ಮನೆಯಲ್ಲೇ ಸಿದ್ಧ! ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಇವು ಪೂರ್ತಿ ಸುಳ್ಳಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ವರ್ಕ್‌ಶಾಪ್‌ನವರು ಸಾಲ ಮಾಡಿ ಕೈಹಾಕುವ ಮೊದಲು, ವಿಡಿಯೊ ಹೇಳದೆ ಬಿಟ್ಟದ್ದನ್ನೂ ನೋಡೋಣ.

ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ತಿರುಗುತ್ತದೆ. ಕ್ರಾಸ್ ಸ್ಲೈಡ್ ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿದರೆ ಪ್ರತಿ ಹೆಜ್ಜೆಗೆ 0.025 ಮಿ.ಮೀ. ಆಯಿತು, ಶಾಫ್ಟಿನ ವ್ಯಾಸದಲ್ಲಿ ಅದರ ಎರಡರಷ್ಟು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಹಳೆಯ ಲೇತ್‌ನಲ್ಲಿ ಸ್ಕ್ರೂ ಮತ್ತು ನಟ್ ಸವೆದು ನಡುವೆ ‘ಪ್ಲೇ’ ಬಂದಿರುತ್ತದೆ. ಹಿಡಿ ತಿರುಗಿಸಿದರೂ ಸ್ಲೈಡ್ ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ. ಅನುಭವಿ ಟರ್ನರ್ ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬಂದು ಇದನ್ನು ಸರಿದೂಗಿಸುತ್ತಾನೆ. ಕಂಪ್ಯೂಟರಿಗೂ ಆ ಪ್ಲೇ ಎಷ್ಟೆಂದು ಹೇಳಿಕೊಡಬಹುದು, ಆದರೆ ಲೋಹ ಕತ್ತರಿಸುವಾಗಿನ ಬಲ ಸಡಿಲ ಸ್ಲೈಡನ್ನು ಎಳೆದುಕೊಂಡರೆ ಅದೇನೂ ಮಾಡಲಾರದು. ಅದಕ್ಕೇ ಉಕ್ಕಿನ ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ ಬೇಕು. ಚಕ್‌ನ ಹತ್ತಿರ ಬೆಡ್ಡೇ ಸವೆದಿದ್ದರೆ ಯಾವ ಕಿಟ್ಟೂ ಅದನ್ನು ಸರಿಮಾಡದು.

ಇನ್ನೊಂದು ಸಂಗತಿ ಇದೆ. ಅಗ್ಗದ ಸ್ಟೆಪ್ಪರ್ ಮೋಟಾರಿಗೆ ಹೇಳಿದಷ್ಟು ತಿರುಗಿದೆನೋ ಇಲ್ಲವೋ ಎಂಬುದು ಗೊತ್ತಾಗುವುದಿಲ್ಲ. ಭಾರ ಹೆಚ್ಚಾಗಿ ನಾಲ್ಕು ಹೆಜ್ಜೆ ತಪ್ಪಿದರೆ ಅಲ್ಲಿಂದ ಮುಂದಿನ ಕೆಲಸವೆಲ್ಲ ಹಾಳು. ಚೂಡಿ ಕೊರೆಯುವುದಂತೂ ಇನ್ನೂ ಕಷ್ಟ. ಸಾಧಾರಣ ಲೇತ್‌ನಲ್ಲಿ ಗೇರುಗಳು ಚಕ್ ಮತ್ತು ಟೂಲನ್ನು ಒಂದೇ ತಾಳಕ್ಕೆ ಕಟ್ಟಿಹಾಕಿರುತ್ತವೆ. ಗೇರು ತೆಗೆದರೆ ಸ್ಪಿಂಡಲ್ ಎಲ್ಲಿದೆ ಎಂದು ತಿಳಿಸುವ ಎನ್‌ಕೋಡರ್ ಬೇಕು, ಅದನ್ನು ಓದಬಲ್ಲ ಲಿನಕ್ಸ್‌ಸಿಎನ್‌ಸಿಯಂಥ ಸಾಫ್ಟ್‌ವೇರ್ ಬೇಕು. ಆರ್ಡುಯಿನೊ ಬೋರ್ಡಿನಲ್ಲಿ ಓಡುವ ಮೂಲ ಜಿಆರ್‌ಬಿಎಲ್‌ಗೆ ಈ ಕೆಲಸ ಬಾರದು.

ಕರಾವಳಿಯ ಕೆಲಸದ ರೀತಿಯೂ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್ ರಿಪೇರಿಗೆ ಅದೇ ಸಮಯ. ಭಟ್ಕಳ ಬಂದರಿನಿಂದಾಗಲಿ ತದಡಿಯಿಂದಾಗಲಿ ಬರುವ ಒಂದೊಂದು ಪ್ರೊಪೆಲ್ಲರ್ ಶಾಫ್ಟೂ ಒಂದೊಂದು ಬಗೆಯಲ್ಲಿ ಸವೆದಿರುತ್ತದೆ. ಅಂಥ ಬಿಡಿ ಕೆಲಸಕ್ಕೆ ಪ್ರೋಗ್ರಾಂ ಬರೆದು ಮುಗಿಸುವಷ್ಟರಲ್ಲಿ ಟರ್ನರ್ ಕೆಲಸವನ್ನೇ ಮುಗಿಸಿರುತ್ತಾನೆ. ಒಂದೇ ಅಳತೆಯ ನೂರಾರು ಬುಶ್ ಬೇಕಾದಾಗ ಮಾತ್ರ ಸಿಎನ್‌ಸಿ ತನ್ನ ಖರ್ಚು ಹುಟ್ಟಿಸೀತು. ಉಳಿದವರಿಗೆ, ಟೂಲ್ ಎಷ್ಟು ಸರಿಯಿತೆಂದು ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡೌಟ್ ಹೆಚ್ಚು ಉಪಯೋಗ ಎಂಬುದು ನಮ್ಮ ಅಭಿಪ್ರಾಯ. ಖರ್ಚೂ ಕಡಿಮೆ, ಲೇತ್ ಇದ್ದ ಹಾಗೇ ಇರುತ್ತದೆ.

ಅದೇ ಎರಡು ತಿಂಗಳು ಮಳೆಯೂ ಜೋರು. ಸಮುದ್ರದ ಗಾಳಿಯ ಉಪ್ಪು ತೇವ ಹಿಡಿದಿಟ್ಟು ಬಾಲ್ ಸ್ಕ್ರೂಗೆ ತುಕ್ಕು ತರುತ್ತದೆ, ಕನೆಕ್ಟರುಗಳನ್ನು ಕೊರೆಯುತ್ತದೆ. ಕರೆಂಟ್ ಹೋದರೆ ಇಂಥ ಮನೆಕಟ್ಟಿದ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೂ ಮರೆತುಹೋಗುತ್ತದೆ. ಮೊದಲಿಂದ ಅಳತೆ ಹೊಂದಿಸಬೇಕು.

ವಿಡಿಯೊದಲ್ಲಿ ಕಾಣದ ನಿಜವಾದ ಅಪಾಯ ಇಲ್ಲಿದೆ. ಕರೆಂಟ್ ಮರಳಿದಾಗ ಚಕ್ ತಾನಾಗಿ ತಿರುಗಲು ಶುರುವಾದರೆ, ಅಲ್ಲಿ ಯಾರ ಕೈಯೋ ಇರಬಹುದು. ಮತ್ತೆ ಬಟನ್ ಒತ್ತದ ಹೊರತು ಮೋಟಾರ್ ಓಡದಂತೆ ಕಾಂಟ್ಯಾಕ್ಟರ್ ಹಾಕಿಸಲೇಬೇಕು. ತುರ್ತು ನಿಲುಗಡೆಯ ಕೆಂಪು ಬಟನ್ ಕಂಪ್ಯೂಟರಿಗೆ ವಿನಂತಿ ಕಳಿಸುವಂತಿರಬಾರದು, ನೇರ ಮೋಟಾರುಗಳ ವಿದ್ಯುತ್ತನ್ನೇ ಕಡಿಯುವಂತಿರಬೇಕು. ಸ್ಲೈಡಿನ ಎರಡೂ ತುದಿಗೆ ಲಿಮಿಟ್ ಸ್ವಿಚ್, ಚಕ್‌ಗೆ ಮುಚ್ಚಳ, ಸರಿಯಾದ ಅರ್ಥಿಂಗ್ ಇಲ್ಲದ ಲೇತನ್ನು, ಅದೂ ಮಕ್ಕಳು ಓಡಾಡುವ ಮನೆಯ ಶೆಡ್ಡಿನಲ್ಲಿ, ಕಂಪ್ಯೂಟರಿನ ಕೈಗೆ ಕೊಡಬೇಡಿ.